ವಾಲುವ ಊರಿನ ಇಂಜಿನ್

ನಮ್ಮೂರಿನಲ್ಲಿ ಮೊದಲು ಸಾರು ಅನ್ನ ಉಂಡು, ರೊಟ್ಟಿಯನ್ನು ಕೊನೆಗೆ ತಿನ್ನುತ್ತಾರೆ. ಬೇರೆ ಊರಿನವರು ನೋಡಿ ನಗುತ್ತಾರೆ, ನಗಲಿ. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ನಮ್ಮೂರು ಪಡುವಣಕ್ಕೆ ವಾಲತೊಡಗುತ್ತದೆ. ಆಗ ತಟ್ಟೆಯಲ್ಲಿ ಸಾರಿದ್ದರೆ ಅದು ಪಕ್ಕದವರ ಮಡಿಲಿಗೆ ಹೋಗುತ್ತದೆ. ರೊಟ್ಟಿಯಾದರೆ ಇದ್ದಲ್ಲೇ ಇರುತ್ತದೆ. ವಾಲುವುದೂ ಒಮ್ಮೆಲೇ ಅಲ್ಲ. ಮೊದಲು ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಕಟ್ಟೆಯ ಮೇಲೆ ಕೂತವರು ಒಬ್ಬರ ಮೇಲೊಬ್ಬರು ಒರಗುತ್ತಾರೆ. ಇಳಿಹೊತ್ತಿಗೆ ನೆಲ ಎಷ್ಟು ಓರೆಯಾಗಿರುತ್ತದೆಂದರೆ ಕೈಬಿಟ್ಟ ತೆಂಗಿನಕಾಯಿ ಮೂಡಣ ಕೇರಿಯಿಂದ ಉರುಳಿ ಪಡುವಣ ಕೇರಿಯ ನಮ್ಮ ಮನೆಯ ಗೋಡೆಗೆ ಬಂದು ಬಡಿಯುತ್ತದೆ. ಅಲ್ಲಿಂದ ಮೆಲ್ಲಗೆ ಎದ್ದು, ದೀಪ ಹಚ್ಚುವ ಹೊತ್ತಿಗೆ ಊರು ನೆಟ್ಟಗಾಗುತ್ತದೆ. ಯಾಕೆ ಎಂದು ಕೇಳಬೇಡಿ. ಸಂಜೆ ಯಾಕಾಗುತ್ತದೆ ಎಂದು ನಿಮ್ಮೂರಿನಲ್ಲಿ ಯಾರಾದರೂ ಕೇಳುತ್ತಾರೆಯೇ?

ಇಂಥ ಊರಿನಲ್ಲಿ ಸಂಸಾರ ಮಾಡಲು ಎರಡು ಕಟ್ಟಳೆ ಸಾಕು. ಭಾರದ ಸಾಮಾನನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು, ಚೆಲ್ಲುವ ಸಾಮಾನನ್ನು ಜಂತಿಗೆ ತೂಗುಹಾಕಬೇಕು. ಮಂಚ, ಕಪಾಟು, ಬೀಸುವ ಕಲ್ಲು ನೆಲಕ್ಕೆ. ಹಾಲು, ಮೊಸರು, ದೀಪ, ಕೂಸು ಜಂತಿಗೆ. ಬೋಲ್ಟನ್ನೂ ಕೊಂಡಿಯನ್ನೂ ಮಾಡಿಕೊಡುವವನು ಕಮ್ಮಾರ ಮೌನಪ್ಪ. ನನ್ನ ಬಾಲ್ಯದ ಗೆಳೆಯ. ಹೆಸರಷ್ಟೇ ಮೌನಪ್ಪ, ಅವನ ಬಾಯಿ ಸುಮ್ಮನಿದ್ದದ್ದನ್ನು ಈ ಕಥೆಯ ಕೊನೆಯಲ್ಲಿ ಬಿಟ್ಟರೆ ನಾನು ಎಂದೂ ಕಂಡಿಲ್ಲ.

ನಾನು ಯಂಕಪ್ಪ. ಊರಿನ ನೀರಿನ ಇಂಜಿನ್ ನನ್ನ ಸುಪರ್ದಿಯಲ್ಲಿದೆ. ಊರಿಗೆಲ್ಲ ಇರುವುದು ಒಂದೇ ಬಾವಿ, ನಮ್ಮ ಮನೆಯ ಹಿತ್ತಿಲಲ್ಲಿ. ಊರು ನೆಟ್ಟಗಿದ್ದಾಗ ಅದರಲ್ಲಿ ಹನಿ ನೀರಿರುವುದಿಲ್ಲ. ಬಂಡೆಗಳ ಸಂದಿಯಲ್ಲಿ ಎಲ್ಲೋ ಅಡಗಿರುತ್ತದೆ. ಊರು ವಾಲಿದಾಗ ಮಾತ್ರ ಗುಳುಗುಳು ಎಂದು ಬಂದು ತುಂಬಿಕೊಳ್ಳುತ್ತದೆ. ಮೂಡಣ ಕೇರಿಯ ಮೇಲಿನ ತೊಟ್ಟಿಗೆ ಅದನ್ನು ಆಗಲೇ ಏರಿಸಬೇಕು. ಕರೆಂಟಿನ ಕಂಬ ನೆಟ್ಟರೆ ತಂತಿ ಹರಿದುಹೋಗುತ್ತದೆ, ಹಾಗಾಗಿ ನಮಗೆ ಪೆಟ್ರೋಲ್ ಇಂಜಿನ್ನೇ ಗತಿ. ನನ್ನಪ್ಪನ ಕಾಲದಿಂದ ಇದ್ದದ್ದು ಒಂದು ಟು ಸ್ಟ್ರೋಕ್ ಇಂಜಿನ್. ಮೊಣಕಾಲೆತ್ತರದ್ದು, ಇಬ್ಬರು ಹಿಡಿದರೆ ಎತ್ತಬಹುದು, ಆದರೆ ಅದರ ಗುದ್ದು ಅಂದರೆ ಗುದ್ದು.

ಅದರ ಬಗ್ಗೆ ಸ್ವಲ್ಪ ಹೊಗಳಿಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅದರ ಪಿಸ್ಟನ್ ಒಂದು ಗಳಿಗೆಯೂ ಪುಕ್ಕಟೆ ಓಡಾಡುವುದಿಲ್ಲ. ಮೇಲೇರುವಾಗ ತಲೆಯ ಮೇಲಿನ ಪೆಟ್ರೋಲ್ ಬೆರೆತ ಗಾಳಿಯನ್ನು ಒತ್ತುತ್ತದೆ, ಅದೇ ಹೊತ್ತಿಗೆ ಕಾಲ ಬುಡದಲ್ಲಿ ಮುಂದಿನ ಗುಟುಕನ್ನು ಒಳಗೆಳೆದುಕೊಳ್ಳುತ್ತದೆ. ಕಿಡಿ ಹಾರಿ ಕೆಳಗೆ ದಬ್ಬಿಸಿಕೊಂಡು ಬರುವಾಗ ಸಿಲಿಂಡರಿನ ಬದಿಯ ತೂತುಗಳನ್ನು ತಾನೇ ತೆರೆಯುತ್ತದೆ. ಸುಟ್ಟದ್ದು ಒಂದು ತೂತಿನಿಂದ ಹೊರಗೆ, ಹೊಸದು ಇನ್ನೊಂದರಿಂದ ಒಳಗೆ. ಒಂದು ಸಲ ಹತ್ತಿ ಒಂದು ಸಲ ಇಳಿದರೆ ಒಂದು ಗುದ್ದು. ವಾಲ್ವುಗಳ ರಗಳೆ ಇಲ್ಲ. ಎಲ್ಲಕ್ಕಿಂತ ಮುಖ್ಯ, ಅದರ ಹೊಟ್ಟೆಯಲ್ಲಿ ಎಣ್ಣೆಯ ಬಟ್ಟಲು ಅಂತ ಬೇರೆ ಇಲ್ಲ. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಕುಡಿಸುತ್ತೇವೆ. ಅದು ಹೋಗುವ ದಾರಿಯಲ್ಲಿ ಎಲ್ಲ ಕೀಲುಗಳಿಗೂ ಸವರಿಕೊಂಡು ಹೋಗುತ್ತದೆ. ಇಂಜಿನ್ ನೆಟ್ಟಗಿರಲಿ, ಓರೆಯಾಗಲಿ, ತಲೆಕೆಳಗಾಗಲಿ, ಅದಕ್ಕೆ ಲೆಕ್ಕವೇ ಇಲ್ಲ. ವಾಲುವ ಊರಿಗೆಂದೇ ಹುಟ್ಟಿದ ಇಂಜಿನ್ ಎಂದು ನನ್ನಪ್ಪ ಹೇಳುತ್ತಿದ್ದ, ನಾನೂ ಹೇಳುತ್ತಿದ್ದೆ.

ಆದರೆ ಹಾಗೆ ಸವರಿಕೊಂಡು ಹೋದ ಎಣ್ಣೆ ಕೊನೆಗೆ ತಾನೂ ಸುಡಬೇಕಲ್ಲ. ಸುಟ್ಟು ನೀಲಿ ಹೊಗೆಯಾಗುತ್ತದೆ. ಊರು ವಾಲಿದಾಗ ಆ ಹೊಗೆ ಎಲ್ಲೂ ಹೋಗದೆ ಪಡುವಣ ಕೇರಿಯಲ್ಲೇ ನಿಂತುಕೊಳ್ಳುತ್ತದೆ. ಪಡುವಣ ಕೇರಿಯ ಕೊನೆಯ ಮನೆ ನಮ್ಮದು.

ಹಂಪವ್ವ ನನ್ನ ಹೆಂಡತಿ. ಊರಿನಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ತೊಟ್ಟಿಲಿಗೆ ಹಾಕುವ ದಿನ ಜೋಗುಳ ಹಾಡುವವಳು ಅವಳೇ. ನಮಗೆ ಮಕ್ಕಳಾಗಲಿಲ್ಲ, ಆದರೆ ಊರಿನ ಅರ್ಧ ಮಂದಿ ಅವಳ ಹಾಡಿಗೆ ಕಣ್ಣು ಮುಚ್ಚಿ ನಿದ್ದೆ ಹೋದವರು. ಆ ಜೋಗುಳದಲ್ಲಿ ಒಂದು ಉದ್ದನೆಯ ಸಾಲು ಬರುತ್ತದೆ, ಕೂಸಿನ ಹೆಸರನ್ನು ಅದರ ತುದಿಗೆ ಸೇರಿಸಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು. ನಡುವೆ ಉಸಿರು ತುಂಡಾದರೆ ಹೆಸರು ಕೂಸಿಗೆ ಹತ್ತುವುದಿಲ್ಲ ಎಂದು ನಂಬಿಕೆ. ಮೂರು ಮಳೆಗಾಲದ ಹಿಂದೆ, ಮೂಡಣ ಕೇರಿಯ ಒಂದು ಮನೆಯಲ್ಲಿ, ಹಂಪವ್ವನ ಉಸಿರು ಆ ಸಾಲಿನ ಅರ್ಧದಲ್ಲಿ ತುಂಡಾಯಿತು. ಕೆಮ್ಮು ಬಂತು. ಮನೆಯವರು ಬೇರೆಯವರಿಂದ ಹಾಡಿಸಿದರು. ಆಮೇಲೆ ಯಾರು ಕರೆದರೂ ಹೋಗಲಿಲ್ಲ.

ನಾನು ಧೂಳೆಂದೆ, ಥಂಡಿ ಎಂದೆ, ವಯಸ್ಸೆಂದೆ. ಹೊಗೆ ಎಂದು ಮಾತ್ರ ಅನ್ನಲಿಲ್ಲ. ಕೊನೆಗೆ ಕೆಳಗಿನ ಸಪಾಟು ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ನಡೆದದ್ದೊಂದು ಫಜೀತಿ. ಮಧ್ಯಾಹ್ನವಾಗುತ್ತಲೇ ನಮ್ಮ ಮೈ ರೂಢಿಯ ಪ್ರಕಾರ ಮೂಡಣಕ್ಕೆ ಬಾಗಿತು. ಊರು ಅತ್ತ ವಾಲಿದರೆ ನಾವು ಇತ್ತ ಬಾಗಬೇಕಲ್ಲ! ಇಬ್ಬರೂ ಬೆಂಚಿನ ಮೇಲೆ ಒಂದೇ ಕಡೆಗೆ ಓರೆಯಾಗಿ ಕೂತದ್ದನ್ನು ನೋಡಿ ಪಕ್ಕದಲ್ಲಿದ್ದವನು, "ಹಾಡಹಗಲ ಇಬ್ರೂ ಕೂಡೇ ಹಾಕ್ಕೊಂಡೀರೇನ್ರಿ?" ಎಂದು ಕೇಳಿದ. ಹಂಪವ್ವ ನಕ್ಕಳು. ನಗುತ್ತಾ ನಗುತ್ತಾ ಕೆಮ್ಮಿದಳು. ಕೆಮ್ಮಿ ಕೆಮ್ಮಿ ತುಟಿ ನೀಲಿಗಟ್ಟಿತು.

ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಇಂಜಿನ್ನಿನ ಹೊಗೆಯ ವಿಷಯವನ್ನು ಅವಳಿಂದ ಕೇಳಿ ತಿಳಿದು ನನ್ನ ಕಡೆ ತಿರುಗಿದರು. "ಹೊಗಿ ಬಿಡ್ರಿ, ಇಲ್ಲಾಂದ್ರ ಊರು ಬಿಡ್ರಿ. ಚಳಿಗಾಲದಾಗ ಹೊಗಿ ಇನ್ನೂ ಕೆಳಗ ಕುಂದರತೈತಿ. ಅದರೊಳಗ ಏನಾರ ಒಂದು ಮಾಡ್ರಿ. ಮತ್ತೊಂದು ಚಳಿಗಾಲ ಇವ್ರು ತಡಿಯೂದಿಲ್ಲ."

ಆ ರಾತ್ರಿ ಸಪಾಟು ಊರಿನಲ್ಲೇ ಉಳಿದೆವು. ಅವಳು ನೆಲಕ್ಕೆ ಕೈಯಿಟ್ಟು ಕೇಳಿದಳು, "ರೀ, ಈ ನೆಲ ಸತ್ತೈತೇನ್ರೀ? ಒಂಚೂರೂ ಅಲುಗವಲ್ದು." ಈ ಹೆಂಗಸನ್ನು ಅಲುಗಾಡದ ನೆಲದ ಮೇಲೆ ತಂದಿಟ್ಟರೆ ಎಷ್ಟು ದಿನ ಇದ್ದಾಳು?

ಊರಿಗೆ ಬಂದವನು ಮೂಡಣ ಕೇರಿಯಲ್ಲಿದ್ದ ಅವಳ ತಮ್ಮನ ಮನೆಗೆ ಅವಳನ್ನು ಕಳಿಸಿ ನೋಡಿದೆ. ಊರೆಲ್ಲ ಸೇರಿ ಎರಡು ಕೇರಿ, ಊರು ನೆಟ್ಟಗಾಗುತ್ತಲೇ ನಿಂತ ಹೊಗೆ ಅತ್ತಲೂ ಹರಡುತ್ತದೆ, ಕೆಮ್ಮು ಅಲ್ಲಿಗೂ ಹುಡುಕಿಕೊಂಡು ಬಂತು. ಆಮೇಲೆ ನನ್ನ ಜಾಣತನ ತೋರಿಸಿದೆ. ಎಣ್ಣೆಯಿಂದ ತಾನೆ ಹೊಗೆ? ಎಣ್ಣೆಯನ್ನೇ ಕಡಿಮೆ ಬೆರೆಸಿದೆ. ಹೊಗೆ ನಿಜವಾಗಿಯೂ ತೆಳ್ಳಗಾಯಿತು. ಹಂಪವ್ವ ಕಿಟಕಿ ತೆರೆದಳು. ನಾನು ಮೀಸೆ ತಿರುವುತ್ತಾ ಇಂಜಿನ್ ಮುಂದೆ ಕೂತಿದ್ದೆ. ಕೆಲವು ದಿನ ಹಾಗೇ ನಡೆಯಿತು, ಒಂದು ಮಧ್ಯಾಹ್ನ ಕಿರ್ ಎಂದು ಸದ್ದು ಮಾಡಿ ಇಂಜಿನ್ ನಿಂತುಬಿಟ್ಟಿತು. ಸವರಲು ಎಣ್ಣೆ ಸಾಲದೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಮೌನಪ್ಪ ಬಂದು ಬಿಚ್ಚಿ, ತಿಕ್ಕಿ, ಬೈದು, ಹೊಸ ಪಿಸ್ಟನ್ ತರಿಸಿ ಹಾಕುವಷ್ಟರಲ್ಲಿ ಊರಿನ ತೊಟ್ಟಿ ಒಣಗಿತ್ತು. "ಉಪವಾಸ ಕೆಡವಿ ದುಡಿ ಅಂದ್ರ ಯಾರ್ ದುಡಿತಾರಲೇ?" ಎಂದ. ಇಂಜಿನ್ನಿಗೆ ಮತ್ತೆ ಹೊಟ್ಟೆ ತುಂಬ ಎಣ್ಣೆ ಕೊಟ್ಟೆ. ಕಿಟಕಿ ಮತ್ತೆ ಮುಚ್ಚಿತು.

ಊರವರೇ ಸಭೆ ಸೇರಿ ಹೊಗೆ ಬಿಡದ ಹೊಸ ಇಂಜಿನ್ ತರಿಸಲು ನಿರ್ಧರಿಸಿದರು. ಅದರ ಜೊತೆಗೆ ಬಂದವಳು ಸಪಾಟು ಊರಿನ ಇಂಜಿನ್ ಅಂಗಡಿಯ ತಬಸ್ಸುಮ್. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಕೈಯೆಲ್ಲ ಗ್ರೀಸು. ಮೊದಲ ಮಧ್ಯಾಹ್ನವೇ ಜಾರಿ ಹಂಪವ್ವನ ಅಡುಗೆಮನೆಯ ತನಕ ಬಂದಳು. ಹಂಪವ್ವ ಅವಳಿಗೆ ನಮ್ಮೂರಿನ ಚಪ್ಪಲಿ ಕೊಟ್ಟಳು. ಅದರಲ್ಲಿ ಒಂದರ ಅಟ್ಟೆ ದಪ್ಪ, ಇನ್ನೊಂದರದು ತೆಳು.

"ಇದು ಫೋರ್ ಸ್ಟ್ರೋಕ್ ಕಾಕಾ," ಎಂದು ಅವಳು ಹೊಸ ಇಂಜಿನ್ನಿನ ಬೆನ್ನು ತಟ್ಟಿದಳು. "ನಿಮ್ದರಾಗ ಸುಟ್ಟಿದ್ದು ಹೊರಗ ಹೋಗೂದು, ಹೊಸಾದು ಒಳಗ ಬರೂದು ಒಮ್ಮೆಲೇ. ಬಸ್ಸಿನ ಒಂದ ಬಾಗಲದಾಗ ಇಳಿಯೋರು ಹತ್ತೋರು ಕೂಡೇ ನುಗ್ಗಿದಂಗ. ಹೊಸಾ ಪೆಟ್ರೋಲ್ ಒಂದಿಷ್ಟು ಸುಡದನ ಹೊರಗ ಬೀಳ್ತೈತಿ. ಇದರಾಗ ಹಂಗಿಲ್ಲ. ಒಂದ್ಸಲ ಉಸುರು ಎಳಕೋತೈತಿ, ಒಂದ್ಸಲ ಬಿಗಿ ಹಿಡಿತೈತಿ, ಒಂದ್ಸಲ ದುಡಿತೈತಿ, ಒಂದ್ಸಲ ಉಸುರು ಬಿಡ್ತೈತಿ. ಒಂದೊಂದಕ್ಕೂ ಅದರದ ಪಾಳಿ. ಎಣ್ಣಿ ಕೆಳಗ ಬ್ಯಾರೆ ಬಟ್ಟಲದಾಗ ಇರ್ತೈತಿ, ಪೆಟ್ರೋಲ್ ಕೂಡ ಸುಡೂದಿಲ್ಲ. ಹೊಗಿ ಇಲ್ಲ, ಪೆಟ್ರೋಲೂ ಕಡಿಮಿ ಕುಡಿತೈತಿ."

"ಮೂರು ಸಲ ಸುಮ್ನ ಓಡಾಡಿ ಒಂದ್ಸಲ ದುಡಿತೈತಿ ಅನ್ನು," ಎಂದೆ. "ಅದಕ್ಕ ಇಷ್ಟ್ ದಪ್ಪ ಮೈ. ನಮ್ಮ ಪಂಚಾಯ್ತಿ ಮೆಂಬರ್ ಹಂಗ."

ಒಳಗಿನಿಂದ ಹಂಪವ್ವನ ದನಿ ಬಂತು. "ಪಾಳಿ ಪ್ರಕಾರ ಉಸುರಾಡೂದು ಎಷ್ಟ್ ಸುಖ ಅಂತ ನಿಮಗೇನ್ ಗೊತ್ತು?"

ಭಾರದ ಸಾಮಾನು, ಹಾಗಾಗಿ ಕಟ್ಟಳೆಯ ಪ್ರಕಾರ ಮೌನಪ್ಪ ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದ. ಊರು ವಾಲತೊಡಗಿತು. ಹಗ್ಗ ಎಳೆದ ಕೂಡಲೇ ಇಂಜಿನ್ ಸ್ಟಾರ್ಟ್ ಆಯಿತು. ಎಂಥ ಮೃದು ಸದ್ದು! ಹೊಗೆಯೇ ಇಲ್ಲ. ಹಿತ್ತಿಲಲ್ಲಿ ಸೇರಿದ್ದ ಮಂದಿ ಚಪ್ಪಾಳೆ ತಟ್ಟುವಷ್ಟರಲ್ಲಿ ಊರು ಇನ್ನಷ್ಟು ವಾಲಿತು, ಇಂಜಿನ್ ತಣ್ಣಗೆ ನಿಂತಿತು. ಮತ್ತೆ ಎಳೆದರೆ ಮತ್ತೆ ನಿಂತಿತು. ತಬಸ್ಸುಮ್ ಹಣೆ ಹಿಡಿದುಕೊಂಡಳು. ಬಟ್ಟಲಿನ ಎಣ್ಣೆಯೆಲ್ಲ ಒಂದು ಮೂಲೆಗೆ ಸೇರಿಕೊಂಡು, ಕೀಲುಗಳಿಗೆ ಸಿಗದೆ ಹೋಗಿತ್ತು. ಎಣ್ಣೆ ಸಿಗದಿದ್ದರೆ ಕೆಟ್ಟುಹೋಗುವ ಮೊದಲೇ ತಾನಾಗಿ ನಿಲ್ಲುವಂತೆ ಅದನ್ನು ಮಾಡಿದ್ದರಂತೆ. ಜಾಣ ಇಂಜಿನ್. ಆದರೆ ಜಾಣತನ ಕಟ್ಟಿಕೊಂಡು ಊರಿಗೇನಾಗಬೇಕು? ನೀರು ಬರುವುದೇ ಊರು ವಾಲಿದಾಗ!

ಮರುದಿನ ಮೌನಪ್ಪ ಕಟ್ಟಿಗೆಯ ಬೆಣೆ ಕೊಟ್ಟು ಇಂಜಿನ್ನನ್ನು ಮೊದಲೇ ಎದುರು ದಿಕ್ಕಿಗೆ ಓರೆ ಮಾಡಿದ. ನೆಲ ಒಂದೇ ಓರೆಯಲ್ಲಿ ನಿಲ್ಲುವುದಾಗಿದ್ದರೆ ಅದು ಸಾಕಿತ್ತು. ನಮ್ಮೂರು ಗಳಿಗೆಗೊಂದು ಓರೆ. ನೆಲದ ಓರೆಯೂ ಬೆಣೆಯ ಓರೆಯೂ ಸರಿಹೋದಷ್ಟು ಹೊತ್ತು ಇಂಜಿನ್ ಓಡಿತು, ಮುಂದೆ ಹೋಗುತ್ತಲೇ ನಿಂತಿತು. ಅಷ್ಟು ಹೊತ್ತಿನಲ್ಲಿ ಏರಿದ ನೀರು ಒಂದು ಕೇರಿಗೂ ಸಾಲದು. ಜನ ಕೊಡ ಹಿಡಿದು ನಿಂತಿದ್ದರು. ನಾನು ಹಳೆಯ ಇಂಜಿನ್ನಿಗೆ ಬೆಲ್ಟ್ ಹಾಕಿ ಹಗ್ಗ ಎಳೆದೆ. ಅದು ಎಂದಿನಂತೆ ಎಗರಾಡುತ್ತಾ ಓಡಿತು. ನೀಲಿ ಹೊಗೆ ಗೋಡೆಯ ಮೇಲಿಂದ ನಮ್ಮ ಅಂಗಳಕ್ಕೆ ಇಳಿಯುವುದನ್ನು ನೋಡುತ್ತಾ ನಿಂತೆ. ನನ್ನಪ್ಪನ ಇಂಜಿನ್ನಿನ ಮೇಲೆ ಮೊದಲ ಸಲ ನನಗೆ ಸಿಟ್ಟು ಬಂತು.

ಚಳಿ ಶುರುವಾಗಿತ್ತು. ತಬಸ್ಸುಮ್ ಹೊಸ ಇಂಜಿನ್ನನ್ನು ವಾಪಸು ಒಯ್ಯಲು ಬೋಲ್ಟ್ ಸಡಿಲಿಸಿದಳು. ನಾನು ಹಂಪವ್ವನಿಗೆ ಗಂಟು ಕಟ್ಟಲು ಹೇಳಿದೆ. ಸಪಾಟು ಊರಿಗೆ ಅವಳೂ ನಾನೂ ಹೋಗುವುದು, ಇಂಜಿನ್ ನೋಡಿಕೊಳ್ಳಲು ಊರು ಬೇರೆ ಯಾರನ್ನಾದರೂ ಹುಡುಕಿಕೊಳ್ಳುವುದು. ಅವಳು ಗಂಟು ಕಟ್ಟತೊಡಗಿದಳು. ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಕೊನೆಗೆ ಜಂತಿಯಿಂದ ಮೊಸರಿನ ಗಡಿಗೆಯ ನೆಲುವನ್ನು ಬಿಚ್ಚಲು ಕೈಯೆತ್ತಿ ಹಾಗೇ ನಿಂತಳು. ಊರು ವಾಲಿತ್ತು, ಗೋಡೆ ವಾಲಿತ್ತು, ನಾವು ಬಾಗಿದ್ದೆವು. ನೆಲುವಿನ ಹಗ್ಗಗಳ ನಡುವೆ ಗಡಿಗೆ ಮಾತ್ರ ನೆಟ್ಟಗೆ ಕೂತಿತ್ತು, ಕೆನೆ ಕೂಡ ಒಡೆದಿರಲಿಲ್ಲ.

"ಏ ತಬಸ್ಸುಮ್ಮಾ," ಎಂದು ಕೂಗಿದಳು. "ಆ ಇಂಜಿನ್ದಾಗ ಎಣ್ಣಿ ಬಟ್ಟಲದಾಗ ಐತಿ ಅಂದಿ ಹೌದಿಲ್ಲೋ?"

"ಹೌದ್ ಕಾಕಿ."

"ಅಂದ್ರ ಅದು ಚೆಲ್ಲೂ ಸಾಮಾನು. ಚೆಲ್ಲೂ ಸಾಮಾನನ ಯಾರಾರ ನೆಲಕ್ಕ ಬಿಗಿತಾರೇನು?"

ಮೌನಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಭಾರದ ಸಾಮಾನು ಎಂದು ಕಣ್ಣು ಮುಚ್ಚಿ ಬೋಲ್ಟ್ ಹಾಕಿದ್ದೆವು. ಭಾರವೂ ಆಗಿ ಚೆಲ್ಲುವಂಥದ್ದೂ ಆದ ಸಾಮಾನು ನಮ್ಮೂರಿಗೆ ಅದುವರೆಗೆ ಬಂದಿರಲೇ ಇಲ್ಲ. ಹುಟ್ಟಿದಾಗಿನಿಂದ ತೂಗುವ ತೊಟ್ಟಿಲಲ್ಲಿ ಬೆಳೆದವರಿಗೆ, ಇಂಜಿನ್ನನ್ನೂ ತೂಗುಹಾಕಬಹುದು ಎಂದು ಹೊಳೆಯಲಿಲ್ಲ ನೋಡಿ.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಹಗ್ಗ ಕಟ್ಟಿ ಇಂಜಿನ್ನನ್ನು ತೊಲೆಗೆ ತೂಗುಹಾಕಿದೆವು. ಎಣ್ಣೆ ನೆಟ್ಟಗಿತ್ತು, ಇಂಜಿನ್ ನಿಲ್ಲಲಿಲ್ಲ, ಆದರೆ ಕಂಠಮಟ್ಟ ಕುಡಿದವನ ಹಾಗೆ ಕುಣಿಯಿತು. ಊರು ವಾಲಿದಂತೆ ಇಂಜಿನ್ ಪಂಪಿನಿಂದ ದೂರ ಸರಿಯಿತು, ಬೆಲ್ಟ್ ಬಿಗಿದು ಬಿಗಿದು ಕಳಚಿ ಬಂದು ಮೌನಪ್ಪನ ಬೆನ್ನಿಗೆ ಬಾರಿಸಿತು. ಅವನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಹಗ್ಗದ ಬದಲು ಕಬ್ಬಿಣದ ತೊಟ್ಟಿಲು ಮಾಡುತ್ತೇನೆಂದ. ಕುಣಿತಕ್ಕೆ ಅದು ಮದ್ದು, ಸರಿ. ಬೆಲ್ಟಿಗೆ ಏನು ಮಾಡುವುದು?

ಅದು ನನಗೆ ಹೊಳೆಯಿತು, ಅಷ್ಟು ಹೆಮ್ಮೆ ನನಗೂ ಇರಲಿ. ಮೌನಪ್ಪನ ಸೊಸೆ ತುಂಬು ಬಸುರಿ, ಅವನ ಮನೆಯಲ್ಲಿ ತೊಟ್ಟಿಲಿಗೆ ಬಣ್ಣ ಬಳಿದು ಜಂತಿಯಿಂದ ಇಳಿಬಿಟ್ಟ ಕಂಬಿಗೆ ಆಗಲೇ ತೂಗಿಹಾಕಿದ್ದರು. ನಾನು ಸುಮ್ಮನೆ ಅದನ್ನು ತೂಗುತ್ತಾ ಕೂತಿದ್ದೆ. ತೊಟ್ಟಿಲು ಎತ್ತ ಹೋದರೂ ಅದರ ತಳ ಮೇಲಿನ ಕಂಬಿಯಿಂದ ಒಂದೇ ದೂರದಲ್ಲಿತ್ತು. ದೂರ ಹತ್ತಿರ ಆಗುವುದು ಬೇರೆ ಎಲ್ಲದರಿಂದ, ಕಂಬಿಯಿಂದ ಮಾತ್ರ ಅಲ್ಲ. ಎದ್ದು ಓಡಿದೆ, ಓರೆಯಲ್ಲಿ ಓಡಿ ಬಿದ್ದೆ, ಮತ್ತೆ ಎದ್ದು ಓಡಿದೆ.

"ಬೆಲ್ಟ್ ಪಂಪಿಗೆ ಬ್ಯಾಡ," ಎಂದು ತಬಸ್ಸುಮಳಿಗೆ ಏದುಸಿರಿನಲ್ಲಿ ಹೇಳಿದೆ. "ತೊಟ್ಟಲದ ಕಂಬಿ ಮ್ಯಾಲೆ ಒಂದು ಚಕ್ರ ಕುಂದರಸೂಣು. ಇಂಜಿನ್ದಿಂದ ಆ ಚಕ್ರಕ್ಕ ಬೆಲ್ಟ್. ಆ ಚಕ್ರದಿಂದ ಪಂಪಿಗೆ ಇನ್ನೊಂದು. ಇಂಜಿನ್ ಎಷ್ಟರ ತೂಗಲಿ, ಬೆಲ್ಟ್ ಬಿಗಿಯೂದೂ ಇಲ್ಲ, ಸಡ್ಲೂ ಆಗೂದಿಲ್ಲ."

ಅವಳು ಬೆರಳಿನಿಂದ ಗಾಳಿಯಲ್ಲೇ ಗೆರೆ ಎಳೆದು ನೋಡಿದಳು. ಆಮೇಲೆ ಗ್ರೀಸಿನ ಕೈಯಲ್ಲೇ ನನ್ನ ಕೈ ಹಿಡಿದು ಕುಲುಕಿದಳು. ವಾಪಸು ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ.

ಮೌನಪ್ಪ ಕುಲುಮೆ ಹೊತ್ತಿಸಿದ. ಕಬ್ಬಿಣದ ತೊಟ್ಟಿಲಿಗೆ ಅಡ್ಡಪಟ್ಟಿ ಹಾಕಿ, ಅಲುಗಾಟ ಕಡಿಮೆಯಾಗಲೆಂದು ತಳಕ್ಕೆ ಕಲ್ಲು ಕಟ್ಟಿದ. ಸಿದ್ಧವಾದ ದಿನ ಮೂಡಣ ಕೇರಿಯವರೂ ಇಳಿದು ಬಂದರು. ಬಾಗಿಲುಗಳು ಮುಚ್ಚಿಕೊಂಡವು, ಕಟ್ಟೆಯ ಮೇಲಿನವರು ಒರಗಿದರು. ನಾನು ಹಗ್ಗ ಎಳೆದೆ. ಊರು ವಾಲುತ್ತಾ ಹೋಯಿತು. ಇಂಜಿನ್ ಮಾತ್ರ ತೊಟ್ಟಿಲಲ್ಲಿ ನೆಟ್ಟಗೆ ಕೂತು ಗುಬ್ ಗುಬ್ ಎಂದು ದುಡಿಯಿತು. ಇಳಿಹೊತ್ತಾಯಿತು, ನಿಲ್ಲಲಿಲ್ಲ. ಮೂಡಣ ಕೇರಿಯ ಮೇಲಿಂದ ಯಾರೋ "ತೊಟ್ಟಿ ತುಂಬಿ ಚೆಲ್ಲಾಕತ್ತೈತೋ!" ಎಂದು ಕೂಗಿದಾಗಲೇ ನಾನು ಅದನ್ನು ಆರಿಸಿದ್ದು. ಹಂಪವ್ವ ಗಂಟುಗಳನ್ನು ಬಿಚ್ಚಿ ಪಾತ್ರೆಗಳನ್ನು ಮತ್ತೆ ಜಂತಿಗೆ ಏರಿಸುತ್ತಿದ್ದಳು. ಕಿಟಕಿ ತೆರೆದಿತ್ತು.

ಹಳೆಯದನ್ನು ನಾನು ಎಸೆಯಲಿಲ್ಲ. ಒರೆಸಿ, ಎಣ್ಣೆ ಹಚ್ಚಿ ಮೂಲೆಯಲ್ಲಿ ಬಿಗಿದಿಟ್ಟಿದ್ದೇನೆ. ಹೊಸದನ್ನು ಬಿಚ್ಚಿ ಎಣ್ಣೆ ಬದಲಿಸುವ ದಿನ ಅದರ ಪಾಳಿ. ದಿನಾ ತಿನ್ನಲಾಗದಿದ್ದರೂ ಮನೆಯಲ್ಲಿ ಇರಲೇಬೇಕಾದ ಉಪ್ಪಿನಕಾಯಿಯ ಹಾಗೆ. ಅದು ಓಡುವ ದಿನ ಹಂಪವ್ವ ಗುಡ್ಡದ ಆಚೆ ಸೌದೆಗೆ ಹೋಗುತ್ತಾಳೆ. ಅದರ ಗುದ್ದಿಗೆ ಹೊಸದು ಸಮನಲ್ಲ, ಇವತ್ತಿಗೂ ಹೇಳುತ್ತೇನೆ.

ಚಳಿ ಏರಿತು. ರಾತ್ರಿಯೆಲ್ಲ ಅವಳ ಎದೆಯ ಸದ್ದಿಗೆ ಕಿವಿಗೊಟ್ಟು ಮಲಗುತ್ತಿದ್ದೆ. ಮೊದಮೊದಲು ಕೆಮ್ಮು ಇತ್ತು. ಆಮೇಲೆ ಕೆಮ್ಮಿನ ನಡುವೆ ನಿದ್ದೆ ಬಂತು, ಆಮೇಲೆ ನಿದ್ದೆಯ ನಡುವೆ ಎಂದಾದರೂ ಒಮ್ಮೆ ಕೆಮ್ಮು. ಚಳಿ ದಾಟಿತು. ಅವಳೂ ದಾಟಿದಳು.

ಮೌನಪ್ಪನ ಸೊಸೆ ಆ ಚಳಿಯಲ್ಲೇ ಹೆಣ್ಣು ಹೆತ್ತಿದ್ದಳು. ಚಳಿಗಾಳಿ ನಿಂತು ಬಿಸಿಲೇರುವ ತನಕ ಅವನು ತೊಟ್ಟಿಲ ಶಾಸ್ತ್ರವನ್ನು ಮುಂದೂಡುತ್ತಾ ಬಂದಿದ್ದ. ಯಾಕೆಂದು ನನಗೆ ಗೊತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಬಂದು ಹಂಪವ್ವನ ಮುಂದೆ ನಿಂತ.

"ವೈನಿ, ನೀವ ಹಾಡಬೇಕು."

"ಬ್ಯಾಡ್ರೀ ಮೌನಪ್ಪಾರ. ನಡುವ ಉಸುರು ತುಂಡಾದ್ರ ಕೂಸಿಗೆ ಹೆಸರು ಹತ್ತೂದಿಲ್ಲ."

"ಹತ್ತಲಿಲ್ಲಂದ್ರ ನನ್ನ ಮೊಮ್ಮಗಳು ಹೆಸರಿಲ್ದನ ಬೆಳಿತಾಳ. ಬ್ಯಾರೆಯವ್ರು ಹಾಡೂದು ಬ್ಯಾಡ."

ಅವಳು ನನ್ನ ಕಡೆ ನೋಡಿದಳು. ಸೀರೆಯ ಸೆರಗು ಸರಿಮಾಡಿಕೊಂಡು ಹೊರಟಳು.

ಮೌನಪ್ಪನ ಪಡಸಾಲೆ ತುಂಬಿತ್ತು. ತಬಸ್ಸುಮ್ ಕೂಡ ಸಪಾಟು ಊರಿನಿಂದ ಬಂದು, ಒಂದು ದಪ್ಪ ಒಂದು ತೆಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಊರು ವಾಲತೊಡಗಿತು, ಎಲ್ಲರೂ ಬಾಗಿ ನಿಂತೆವು. ಅತ್ತ ನಮ್ಮ ಹಿತ್ತಿಲಿನಿಂದ ತೊಟ್ಟಿಲ ಇಂಜಿನ್ನಿನ ಗುಬ್ ಗುಬ್ ಕೇಳುತ್ತಿತ್ತು. ಇತ್ತ ಇನ್ನೊಂದು ತೊಟ್ಟಿಲಲ್ಲಿ ಕೂಸು ಕಣ್ಣು ಬಿಟ್ಟುಕೊಂಡು ಮಲಗಿತ್ತು. ಹಂಪವ್ವ ಹಾಡತೊಡಗಿದಳು. ದನಿ ಮೊದಲಿನಷ್ಟು ತೆಳ್ಳಗಿಲ್ಲ, ಸ್ವಲ್ಪ ಒರಟಾಗಿದೆ. ಸಣ್ಣ ಸಾಲುಗಳು ಮುಗಿದವು. ಉದ್ದನೆಯ ಸಾಲಿನ ಮುಂದೆ ಒಂದು ಗಳಿಗೆ ನಿಂತಳು. ಉಸಿರು ಎಳೆದುಕೊಂಡಳು, ಬಿಗಿ ಹಿಡಿದಳು, ಹೊರಟಳು. ಹಿಂದೆ ತುಂಡಾಗಿದ್ದ ಜಾಗ ಬಂತು. ಅವಳ ದನಿ ಅಲ್ಲಿ ಒಂಚೂರು ನಡುಗಿ, ನೆಟ್ಟಗಾಗಿ, ಮುಂದೆ ಹೋಯಿತು. ಹೋಗಿ ಹೋಗಿ, ತುದಿಯಲ್ಲಿ ಕೂಸಿನ ಹೆಸರನ್ನು ಪೂರ್ತಿಯಾಗಿ ಇಟ್ಟು ನಿಂತಿತು.

ಮೌನಪ್ಪನ ಬಾಯಿಂದ ಮಾತೇ ಹೊರಡಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ ಗೋಡೆಯ ಕಡೆ ತಿರುಗಿದ. ಹಂಪವ್ವ ತೊಟ್ಟಿಲನ್ನು ಮೆಲ್ಲಗೆ ತೂಗಿ ನನ್ನ ಹತ್ತಿರ ಬಂದು ಮುಖ ನೋಡಿದಳು.

"ಅಲ್ರೀ, ಹಾಡಿದಾಕಿ ನಾನು. ನೀವ್ಯಾಕ ಇನ್ನೂ ಉಸುರು ಬಿಗಿ ಹಿಡಕೊಂಡು ನಿಂತೀರಿ? ಬಿಡ್ರಿ."

ಬಿಟ್ಟೆ.